ಹಕ್ಕಿಗಳಿಗೆಂದು ನೆಟ್ಟ ಕವಳೆ ಗಿಡ

ಒಂದಾನೊಂದು ಊರಿನಲ್ಲಿ, ರಾಜರೆಲ್ಲ ಹೋಗಿ ಪಂಚಾಯ್ತಿ ಚೇರ್ಮನ್ನರು ಬಂದು, ಬುಡ್ಡಿದೀಪ ಹೋಗಿ ಕರೆಂಟು ಬಂದು, ಬಂದ ಕರೆಂಟೂ ಆಗಾಗ ಹೋಗುತ್ತಿದ್ದ ಕಾಲದಲ್ಲಿ, ಗಂಗುಲಪ್ಪ ಎಂಬ ರೇಷ್ಮೆ ರೈತನೊಬ್ಬನಿದ್ದ. ಅವನಿಗೆ ಅರ್ಧ ಎಕರೆ ಹಿಪ್ಪುನೇರಳೆ ತೋಟವಿತ್ತು, ಹುಳ ಸಾಕುವುದಕ್ಕೆ ಒಂದು ಕೋಣೆಯಿತ್ತು, ಶ್ಯಾಮಲಮ್ಮ ಎಂಬ ಹೆಂಡತಿಯಿದ್ದಳು. ಊರಿನ ಹೆಸರು ಗುಟ್ಟಕಿಂದಪಲ್ಲಿ. ಗೌನಿಪಲ್ಲಿಯಿಂದ ಮೂರು ಮೈಲಿ ನಡೆದರೆ ಸಿಗುತ್ತಿತ್ತು. ಊರ ಬೆನ್ನಿಗೆ ಗುಟ್ಟ ಎಂದು ಕರೆಯುವ ಒಂದು ಕಲ್ಲುಗುಡ್ಡ, ಗುಟ್ಟದ ಆಚೆಗೆ ಆಂಧ್ರ. ಹಾಗಾಗಿ ಅಲ್ಲಿಯ ಜನ ಬೈಗುಳವನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು.

ಗಂಗುಲಪ್ಪ ಕೆಟ್ಟವನೇನೂ ಅಲ್ಲ. ಮಾತು ಕೊಡುವುದರಲ್ಲಿ ಸ್ವಲ್ಪ ಧಾರಾಳಿ. ಅಜ್ಜಿಯರ ಕತೆಯಲ್ಲಿ ಬರುವ ರಾಜರು ಒಂದು ಮಾತು ಕೊಟ್ಟರೆ ಸಿಂಹಾಸನ ಬಿಟ್ಟು ಕಾಡಿಗೆ ಹೋಗುತ್ತಾರೆ. ಗಂಗುಲಪ್ಪ ದಿನಕ್ಕೆ ನಾಲ್ಕು ಮಾತು ಕೊಟ್ಟು ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ. ಅಡುಗೆಮನೆಗೆ ಕಿಟಕಿ ಇಡಿಸುತ್ತೇನೆ ಎಂದಿದ್ದ. ಆರು ವರ್ಷದಿಂದ ಅಲ್ಲಿ ಗೋಡೆಯೇ ಇತ್ತು. ಕುರುಡುಮಲೆ ಗಣೇಶನನ್ನು ತೋರಿಸುತ್ತೇನೆ ಎಂದಿದ್ದ. ಬಸ್ಸು ತಪ್ಪಿತ್ತು. ಆಮೇಲೆ ಇನ್ನೆರಡು ಸಲವೂ ತಪ್ಪಿತ್ತು. ಶ್ಯಾಮಲಮ್ಮ ನಗುತ್ತಿದ್ದಳು, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಮುದ್ದೆ ತೊಳಸುತ್ತಿದ್ದಳು.

ಮದುವೆಯಾಗಿ ಆರು ವರ್ಷಕ್ಕೆ ಅವಳು ಬಸುರಿಯಾದಳು. ಏಳನೇ ತಿಂಗಳಿಗೆ, ಎಂಬತ್ತೆರಡನೇ ಇಸವಿಯ ಮಾಘ ಮಾಸದಲ್ಲಿ, ಹೋಳೂರಿನಿಂದ ಅವಳ ತಾಯಿ ಆಂಜಿನಮ್ಮ ಬಂದಳು. ಮಗಳಿಗೆ ಬಳೆ ತೊಡಿಸಿ, ಬಯಕೆ ಊಟ ಬಡಿಸಿ, ಹೆರಿಗೆಗೆ ಕರೆದುಕೊಂಡು ಹೋಗಬೇಕಿತ್ತು.

ಆ ಕಾಲದ ಅತ್ತೆಯರು ಅಳಿಯನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಆದರೆ ಅಳಿಯನಿಗೆ ಹೇಳುವುದು ಬೇಕಾದಷ್ಟಿರುತ್ತಿತ್ತು. ಆಂಜಿನಮ್ಮ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಹತ್ತಿರದಲ್ಲಿ ಏನಿದ್ದರೆ ಅದಕ್ಕೆ ಹೇಳುವಳು, ಕಂಬವೋ ಕರುವೋ ಕೊಡಪಾನವೋ. ಅಳಿಯ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು.

ಊಟ ಮುಗಿದು ನೆಂಟರೆಲ್ಲ ಬೀದಿಗೆ ಇಳಿದಿದ್ದರು. ಅಡುಗೆಮನೆಯಲ್ಲಿ ಉಳಿದವರು ಮೂವರೇ.

"ಏನಾನ ತಿನ್ನೋ ಆಸೆ ಉಳ್ಕೊಂಡಿದ್ರೆ ಹೇಳಮ್ಮಿ," ಎಂದಳು ಆಂಜಿನಮ್ಮ ಮಗಳಿಗೆ. "ಬಯಕೆ ತೀರದಿದ್ರೆ ಹುಟ್ಟೋ ಕೂಸಿಗೆ ಕಿವಿ ಸೋರ್ತದೆ."

"ಕವಳೆ ಹಣ್ಣು," ಎಂದಳು ಶ್ಯಾಮಲಮ್ಮ, ಹೋಳಿಗೆಯಿಂದ ಅಂಟಾಗಿದ್ದ ಬೆರಳು ನೋಡಿಕೊಳ್ಳುತ್ತ. "ಹುಳಿ ಹುಳಿಯಾಗಿ, ನಾಲಿಗೆಗೆ ಹಾಲು ಮೆತ್ಕೊಳ್ಳೋ ಹಂಗೆ."

ಕತೆಗಳಲ್ಲಿ ಬಸುರಿ ರಾಣಿಯರು ಹುಲಿಯ ಹಾಲು ಕೇಳುತ್ತಾರೆ, ಚಂದ್ರನ ಚೂರು ಕೇಳುತ್ತಾರೆ. ಶ್ಯಾಮಲಮ್ಮ ಕೇಳಿದ್ದು ಗುಟ್ಟದ ಮೇಲಿನ ಮುಳ್ಳುಪೊದೆಯಲ್ಲಿ ಬಿಡುವ, ಗೋಲಿಗಿಂತ ಚಿಕ್ಕದಾದ ಕಪ್ಪು ಹಣ್ಣು. ಆದರೆ ಅದು ಆಗುವುದು ಮುಂಗಾರು ಶುರುವಾಗುವ ಹೊತ್ತಿಗೆ. ಮಾಘದಲ್ಲಿ ಹುಲಿಯ ಹಾಲೇ ಸುಲಭ.

ಆಂಜಿನಮ್ಮ ಒರಳು ಕಲ್ಲಿನ ಕಡೆ ತಿರುಗಿದಳು. "ಕೇಳಿದ್ಯಾ ಒರಳಮ್ಮಾ? ಈಗ ಕವಳೆ ಹಣ್ಣಂತೆ. ಗುಟ್ಟದ ಮ್ಯಾಲಿದ್ದ ಪೊದೆ ಎಲ್ಲಾ ಕಿತ್ತಾಕಿ ನೀಲಗಿರಿ ನೆಡ್ತಾವ್ರಂತೆ. ಕಿಟಕಿ ಇಡಿಸಕ್ಕಾಗದೋರು ಕವಳೆ ಎಲ್ಲಿಂದ ತಂದಾರು, ಬಿಡು."

ಒರಳು ಸುಮ್ಮನಿತ್ತು. ಗಂಗುಲಪ್ಪನಿಗೆ ತಡೆಯಲಾಗಲಿಲ್ಲ.

"ಗುಟ್ಟಕ್ಕೆ ಯಾಕ್ ಹೋಗ್ಬೇಕು?" ಎಂದ, ಎದೆಯ ಮೇಲೆ ಕೈಯಿಟ್ಟು. "ನಮ್ಮ ಅಂಗಳದಾಗೇ ಗಿಡ ಬೆಳೆಸ್ತೀನಿ. ನನ್ನ ಕೈಯಾರೆ ಕಿತ್ತು ಇವಳ ಕೈಗೆ ಹಾಕ್ತೀನಿ. ಹಾಕಿದ ಮ್ಯಾಲೇ ಇವಳನ್ನ ವಾಪಸ್ಸು ಕರ್ಕೊಂಡು ಬರ್ತೀನಿ!"

ಕೊನೆಯ ಮಾತು ಬೇಕಿರಲಿಲ್ಲ. ಗಂಗುಲಪ್ಪನ ಮಾತುಗಳಲ್ಲಿ ಯಾವಾಗಲೂ ಕೊನೆಯದು ಬೇಕಿರುತ್ತಿರಲಿಲ್ಲ.

"ಒರಳಮ್ಮಾ, ನೀನೇ ಸಾಕ್ಷಿ," ಎಂದಳು ಆಂಜಿನಮ್ಮ, ಮಗಳ ಕೈ ಹಿಡಿದು ಹೊಸ್ತಿಲು ದಾಟಿದಳು.

ಚೈತ್ರದಲ್ಲಿ ಹೆಣ್ಣು ಮಗು ಹುಟ್ಟಿತು. ಜ್ಯೇಷ್ಠದಲ್ಲಿ ಗಂಗುಲಪ್ಪ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳಿಂದ ಒಂದು ದೊನ್ನೆ ಕವಳೆ ಹಣ್ಣು ಕೊಂಡು, ಹೊಸ ಪಂಚೆ ಉಟ್ಟುಕೊಂಡು ಹೋಳೂರಿಗೆ ಹೋದ. ಅಲ್ಲಿ ಅವನಿಗೆ ಕಾಲಿಗೆ ನೀರು ಕೊಟ್ಟರು, ಕೋಳಿಸಾರು ಮಾಡಿದರು, ಮಗುವನ್ನು ತೊಡೆಯ ಮೇಲೆ ಮಲಗಿಸಿದರು. ಮಗು ಅವನ ತೋರುಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಎಲ್ಲ ಆದ ಮೇಲೆ ಆಂಜಿನಮ್ಮ ನಡುಮನೆಯ ಕಂಬವನ್ನು ಕರೆದಳು.

"ಕಂಬಪ್ಪಾ, ಈ ಹಣ್ಣು ಯಾವ ಅಂಗಳದ್ದು ಅಂತ ಕೇಳು."

ಗಂಗುಲಪ್ಪ ಸುಳ್ಳು ಹೇಳಲು ಬಾಯಿ ತೆರೆದ. ಬೆರಳು ಇನ್ನೂ ಮಗುವಿನ ಮುಷ್ಟಿಯಲ್ಲಿತ್ತು.

"ಬಸ್ ಸ್ಟ್ಯಾಂಡಿಂದು," ಎಂದ.

ಶ್ಯಾಮಲಮ್ಮ ಒಂದು ಹಣ್ಣನ್ನೂ ಬಾಯಿಗೆ ಹಾಕಲಿಲ್ಲ. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಅಮ್ಮ ಕಳಿಸಿದ್ರೂ ನಾನು ಬರಲ್ಲ ಕಣ್ರೀ. ಕಿಟಕಿ ಬೇಡ ಅಂತ ಸುಮ್ನಾದೆ, ಕುರುಡುಮಲೆ ಬೇಡ ಅಂತ ಸುಮ್ನಾದೆ. ಇದೊಂದು ಮಾತು ಪೂರ್ತಿ ಆಗ್ಲಿ. ನಾನು ಕಾಯ್ತೀನಿ."

ಕಾಯುವವರು ಇದ್ದಾರೆಂದರೆ ಕೆಲಸ ಶುರುಮಾಡಲೇಬೇಕು. ಗಂಗುಲಪ್ಪ ಶುರುಮಾಡಿದ. ಆದರೆ ರೇಷ್ಮೆಯವನಿಗೆ ಗಿಡ ಎಂದರೆ ಕಡ್ಡಿ. ಹಿಪ್ಪುನೇರಳೆಯ ಕಡ್ಡಿಯನ್ನು ಮೊಳಕೆಯ ಮೂರು ಕಣ್ಣು ಬಿಟ್ಟು ಕತ್ತರಿಸಿ, ಓರೆಯಾಗಿ ಮಣ್ಣಿಗೆ ಚುಚ್ಚಿದರೆ ಅದು ಚಿಗುರುತ್ತದೆ. ಜಗತ್ತಿನ ಎಲ್ಲ ಗಿಡಗಳೂ ಹೀಗೇ ಹುಟ್ಟಿದವು ಎಂದು ಅವನು ನಂಬಿದ್ದ. ಗುಟ್ಟದಲ್ಲಿ ಉಳಿದಿದ್ದ ನಾಲ್ಕು ಪೊದೆಯಿಂದ ನಲವತ್ತು ಕವಳೆ ಕಡ್ಡಿ ತಂದು, ಮೂರು ಕಣ್ಣು ಬಿಟ್ಟು, ಓರೆಯಾಗಿ ಚುಚ್ಚಿ, ತಿಪ್ಪೆಗೊಬ್ಬರ ಹಾಕಿ, ದಿನಾ ನೀರು ಹೊಯ್ದ. ಹದಿನೈದು ದಿನಕ್ಕೆ ನಲವತ್ತೂ ಒಲೆಗೆ ಹದವಾಗಿ ಒಣಗಿದವು.

ಆಷಾಢದಲ್ಲಿ ನೀಲಗಿರಿಯ ಗುಂಡಿ ತೋಡುವವರು ಆ ನಾಲ್ಕು ಪೊದೆಗಳಿಗೂ ಬಂದರು. ಮೂರು ಹೋದವು. ನಾಲ್ಕನೆಯದನ್ನು ಅವರ ಕಾಲು ಹಿಡಿದು ಗಂಗುಲಪ್ಪ ಬಿಡಿಸಿಕೊಂಡು, ಬೇರಿನ ಸುತ್ತ ಹೊರೆಯಷ್ಟು ಮಣ್ಣು ಸಮೇತ ಅಗೆದು, ಗೋಣಿಚೀಲದಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ತಂದ. ಬಚ್ಚಲ ನೀರು ಹರಿದುಹೋಗುವ ಕಡೆ ತೇವ ಚೆನ್ನಾಗಿದೆಯೆಂದು ಅಲ್ಲೇ ನೆಟ್ಟ.

ಆ ಜಾಗ ಅಂಗಳದ ನಟ್ಟನಡುವೆ ಇತ್ತು. ಅಂಗಳ ಅವನೊಬ್ಬನದಲ್ಲ. ಎದುರು ಮನೆಯ ಹುಸೇನ್ ಸಾಬರದೂ ಹೌದು.

ಹುಸೇನ್ ಸಾಬರು ತಗಡಿನ ಕೆಲಸದವರು. ಬುಡ್ಡಿ, ಮುಚ್ಚಳ, ಸೋರುವ ಬಕೀಟು, ಏನು ಕೊಟ್ಟರೂ ಬೆಸುಗೆ ಹಾಕಿಕೊಡುತ್ತಿದ್ದರು. ಎರಡು ಮನೆಗಳ ನಡುವೆ ಮೂವತ್ತು ವರ್ಷದಿಂದ ಗೋಡೆಯಿಲ್ಲ, ಗೆರೆಯಿಲ್ಲ. ಅವರ ಮೆಣಸಿನಕಾಯಿಯೂ ಇವರ ರಾಗಿಯೂ ಒಂದೇ ಬಿಸಿಲಿನಲ್ಲಿ ಒಣಗುತ್ತಿದ್ದವು. ಸಾಬರೂ ಅವರ ಹೆಂಡತಿ ಶರೀಫುನ್ನೀಸಾ ಅವರೂ ಮಗಳ ಬಾಣಂತನಕ್ಕೆಂದು ಮುಳಬಾಗಿಲಿಗೆ ಹೋಗಿ ಆರು ತಿಂಗಳಾಗಿತ್ತು. ವಾಪಸ್ಸು ಬಂದು ಗಂಟು ಇಳಿಸಿ ನೋಡಿದರೆ ಅಂಗಳದ ಮಧ್ಯೆ ಮುಳ್ಳು.

"ಏನಿದು ಗಂಗುಲಪ್ಪಾ?"

"ಗಿಡ, ಸಾಬ್ರೇ."

"ಗಿಡ ಅನ್ನೋದು ಕಣ್ಣಿಗೆ ಕಾಣ್ತದೆ. ಮುಳ್ಳೈತಲ್ಲ?"

"ಐತೆ. ಇನ್ನೂ ಜಾಸ್ತಿ ಬರ್ತದೆ," ಎಂದ ಗಂಗುಲಪ್ಪ ಹೆಮ್ಮೆಯಿಂದ. "ಇದೊಂದು ನಾಟ್ಕೊಂಡ್ರೆ ಸಾಲಾಗಿ ನೆಟ್ಬಿಡೋಣ ಅಂತ."

ಎರಡು ಮನೆಗಳ ನಡುವೆ ಸಾಲಾಗಿ ಮುಳ್ಳು ನೆಟ್ಟರೆ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಹುಸೇನ್ ಸಾಬರು ಗಂಟು ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ದಿನದಿಂದ ಅವರು ಬಾವಿಗೆ ಅಂಗಳ ಹಾಯ್ದು ಹೋಗಲಿಲ್ಲ. ಬೀದಿ ಸುತ್ತಿ, ಹಾಲಿನ ಡೈರಿ ದಾಟಿ, ಊರಿಗೆಲ್ಲ ಕಾಣುವಂತೆ ಕೊಡ ಹೊತ್ತು ಹೋದರು. ಶರೀಫುನ್ನೀಸಾ ಮೆಣಸಿನಕಾಯಿಯನ್ನು ಗೋಡೆಯ ಬುಡಕ್ಕೆ, ಒಂದು ಮೊಳ ಜಾಗದಲ್ಲಿ, ಕೂಸು ಮಲಗಿಸಿದ ಹಾಗೆ ಒತ್ತೊತ್ತಾಗಿ ಹರಡಿಕೊಂಡರು.

"ಭಾಬಿ, ಈ ಕಡೆ ಹರಡಿ, ಬಿಸಿಲೈತೆ," ಎಂದ ಗಂಗುಲಪ್ಪ.

"ಬೇಡಪ್ಪ. ನಾಳೆ ಬೇಲಿ ಬರ್ತದೆ. ಈವತ್ತಿಂದ್ಲೇ ಅಭ್ಯಾಸ ಮಾಡ್ಕೋತೀವಿ."

ಗಂಗುಲಪ್ಪನಿಗೆ ಯಾವ ಬೇಲಿ ಎಂದು ತಿಳಿಯುವಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು. ಸಾಬರ ಕೋಳಿ ರಾಗಿ ತಿಂದಿದ್ದಕ್ಕೆ ಬೇಲಿ ಎಂದರು ಕೆಲವರು. ಹೆಂಡತಿ ಬಿಟ್ಟುಹೋಗಿದ್ದಾಳೆ, ತಲೆ ಕೆಟ್ಟಿದೆ ಎಂದರು ಉಳಿದವರು.

ಊರಿಗೆ ಹಾಲಿನ ಡೈರಿ ಬಂದ ಮೇಲೆ ನ್ಯಾಯ ತೀರ್ಮಾನವೆಲ್ಲ ಅಲ್ಲೇ. ಬೆಳಿಗ್ಗೆ ಆರೂವರೆಗೆ ಎಲ್ಲರೂ ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಹಾಲು ಕೆಡುತ್ತದೆಂಬ ಭಯಕ್ಕೆ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಚೇರ್ಮನ್ ಚನ್ನರಾಯಪ್ಪ ಸಾಲಿನ ನಡುವೆ ಗಂಗುಲಪ್ಪನನ್ನು ಹಿಡಿದರು. ನಾಲ್ಕು ಜನರ ಹಿಂದೆ ಹುಸೇನ್ ಸಾಬರೂ ತಮ್ಮ ಕ್ಯಾನು ಹಿಡಿದು ನೆಲ ನೋಡುತ್ತ ನಿಂತಿದ್ದರು.

"ಏಮಿರಾ ಗಂಗುಲಪ್ಪಾ, ಮೂವತ್ತು ವರ್ಷ ಇಲ್ದಿದ್ದ ಬೇಲಿ ಈಗ ಯಾಕ್ಲಾ? ಸಾಬ್ರು ನಿಂಗೇನ್ ಮಾಡವ್ರೆ?"

"ಬೇಲಿ ಅಲ್ಲ ಚೇರ್ಮನ್ರೇ."

"ಮತ್ತೆ? ಅಂಗಳದ ಮಧ್ಯೆ ಮುಳ್ಳು ಯಾರಾನ ಅಂದಕ್ಕೆ ನೆಡ್ತಾರಾ?"

"ಹಣ್ಣಿಗೆ."

"ಹಣ್ಣು ಯಾರಿಗೆ? ನಿನ್ ಹಲ್ಲಿಗೆ ಮಜ್ಜಿಗೆ ಹುಳೀನೇ ತಡಿಯಲ್ಲ."

ಇಲ್ಲಿ ನಿಜ ಹೇಳಿಬಿಟ್ಟಿದ್ದರೆ ಈ ಕತೆಗೆ ಇಲ್ಲೇ ಮಂಗಳ. ಆದರೆ ಗುಟ್ಟಕಿಂದಪಲ್ಲಿಯಲ್ಲಿ ಗಂಡಸರು ಹೆಂಡತಿಗೆ ಒಂದು ಮೊಳ ಹೂವು ತಂದರೂ ದೇವರಿಗೆ ಎಂದು ಹೇಳಿ ತರುತ್ತಿದ್ದರು. ನಲವತ್ತು ಕ್ಯಾನುಗಳ ಎದುರು ಹೆಂಡತಿಯ ಬಯಕೆ ಎಂಬ ಮಾತನ್ನು ಆಡುವುದು ಹೇಗೆ? ಗಂಗುಲಪ್ಪ ಆಕಾಶ ನೋಡಿದ. ಡೈರಿಯ ಕರೆಂಟು ತಂತಿಯ ಮೇಲೆ ತಲೆಗೆ ಜುಟ್ಟು ಕಟ್ಟಿದ ಪಿಕಳಾರ ಹಕ್ಕಿಯೊಂದು ಕೂತು ಅವನನ್ನೇ ನೋಡುತ್ತಿತ್ತು.

"ಹಕ್ಕಿಗಳಿಗೆ," ಎಂದ.

ಹಾಲು ಅಳೆಯುವವನ ಕೈ ಗಾಳಿಯಲ್ಲಿ ನಿಂತಿತು.

"ಹಕ್ಕಿಗಳಿಗಾ!" ಎಂದು ಮೊದಲು ಕೂಗಿದವನು ಮುನಿರಾಮಪ್ಪ. ಅವನೂ ರೇಷ್ಮೆಯವನೇ. "ಬಲಿತು ಹಣ್ಣಾದ ಹುಳ ಗೂಡು ಕಟ್ಲಿ ಅಂತ ಬಿದಿರಿನ ಚಂದ್ರಂಕಿ ತಟ್ಟೆ ಹೊರಗಿಟ್ರೆ ಸಾಕು, ಹಕ್ಕಿ ಬಂದು ಕುಕ್ಕಿ ಕುಕ್ಕಿ ತಿಂತವೆ. ತಗಡು ಬಡಿದು ಬಡಿದು ನಮ್ ಕೈ ಬಿದ್ದೋಗವೆ. ನೀನು ಅವಕ್ಕೆ ತೋಟ ಮಾಡ್ತೀಯಾ? ನಿನ್ ಹುಳ ಇಲ್ವೇನ್ಲಾ?"

ಸಾಲು ಮುರಿಯಿತು. ಕ್ಯಾನುಗಳು ನೆಲಕ್ಕೆ ಇಳಿದವು. ಊರಿನ ಹುಳಕ್ಕೆಲ್ಲ ಹಕ್ಕಿ ಕರೆಯುವವನನ್ನು ಏನು ಮಾಡಬೇಕೆಂಬ ಬಗ್ಗೆ ಹಲವು ಸಲಹೆಗಳು ತೆಲುಗಿನಲ್ಲಿ ಬಂದವು.

"ಕೇಳ್ರಪ್ಪೋ!" ಗಂಗುಲಪ್ಪ ಎರಡೂ ಕೈ ಎತ್ತಿದ. ಮುಂದೆ ಏನು ಹೇಳುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ. "ಹಕ್ಕಿ ಹುಳ ಯಾಕ್ ತಿಂತದೆ? ಹಸಿವಿಗೆ. ಗುಟ್ಟದಾಗಿದ್ದ ಕವಳೆ, ಕಾರೆ, ಎಲಚಿ ಎಲ್ಲಾ ಹೋಯ್ತು. ನೀಲಗಿರಿ ತಿಂತದಾ ಹಕ್ಕಿ? ಹೊಟ್ಟೆ ತುಂಬ ಹಣ್ಣು ಸಿಕ್ರೆ ನಿಮ್ ಹುಳದ ತಂಟೆಗೆ ಯಾಕ್ ಬರ್ತದೆ?"

ಚನ್ನರಾಯಪ್ಪ ಮೀಸೆ ಸವರಿಕೊಂಡರು. "ಮಾತಿನಾಗೆ ಅರ್ಥ ಐತಪ್ಪ," ಎಂದರು. ಮುನಿರಾಮಪ್ಪನೂ ತಲೆ ಕೆರೆದುಕೊಂಡ. ಗಂಗುಲಪ್ಪ ತಾನು ಹೇಳಿದ್ದನ್ನು ಕೇಳಿ ತಾನೇ ಬೆರಗಾದ.

ಹುಸೇನ್ ಸಾಬರು ಸಾಲಿನಿಂದ ಹೊರಗೆ ಬಂದರು. "ಗಂಗುಲಪ್ಪಾ, ಬೇಲಿ ಅಲ್ವಾ?"

"ಅಲ್ಲ ಸಾಬ್ರೇ."

"ಖಸಂ? ಆಣೆ ಮಾಡ್ತೀಯಾ?"

"ಖಸಂ."

"ಹಕ್ಕಿಗಳಿಗಾ?"

ಗಂಗುಲಪ್ಪ ತಂತಿಯ ಮೇಲಿನ ಹಕ್ಕಿಯನ್ನು ಇನ್ನೊಮ್ಮೆ ನೋಡಿದ. "ಹೂಂ."

ಸಾಬರು ಹೆಗಲ ಟವಲಿನಿಂದ ಕಣ್ಣು ಒರೆಸಿಕೊಂಡರು. "ಹಕ್ಕಿಗೆ ಒಂದು ಹಿಡಿ ಕಾಳು ಹಾಕಿದ್ರೆ ಸವಾಬು, ಪುಣ್ಯ, ಅಂತ ನಮ್ಮ ಅಬ್ಬಾ ಹೇಳ್ತಿದ್ರು. ನೀನು ಗಿಡಾನೇ ಹಾಕ್ದೆ. ನಾನು ಪಾಪಿ ಏನೇನೋ ಅಂದ್ಕೊಂಡೆ."

ಅವತ್ತು ಸಂಜೆ ಮೆಣಸಿನಕಾಯಿ ಅಂಗಳದ ತುಂಬ ಹರಡಿತು. ಇಷ್ಟು ದೊಡ್ಡ ಸಂತೋಷದ ಮೇಲೆ ನಿಜವನ್ನು ತಂದು ಹಾಕಲು ಗಂಗುಲಪ್ಪನಿಗೆ ಮನಸ್ಸು ಬರಲಿಲ್ಲ.

ಹೋಳೂರಿನಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಆಂಜಿನಮ್ಮ ಹೇಳಿ ಶ್ಯಾಮಲಮ್ಮನಿಂದ ಬರೆಸಿದ್ದು. ಕಾರ್ಡಿಗೆ ಹೇಳಿದರೆ ಅಳಿಯನಿಗೆ ಹೇಳಿದ ಹಾಗಾಗುವುದಿಲ್ಲ ಎಂದು ಅವಳ ಲೆಕ್ಕ. "ಕೂಸಿನ ಎಡಗಿವಿ ಸೋರುತ್ತಿದೆ. ಯಾಕೆ ಅಂತ ಗೊತ್ತಿರುವವರಿಗೆ ಗೊತ್ತು," ಎಂದು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಕೆಳಗೆ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಶ್ಯಾಮಲಮ್ಮನ ಸ್ವಂತದ್ದು: "ಕಿವಿಗೇನೂ ಆಗಿಲ್ಲ, ಎಣ್ಣೆ ಹಾಕಿ ನೀರೆರೆದಿದ್ದು. ಗಿಡ ಎಷ್ಟುದ್ದ ಆಯ್ತು?"

ಗಂಗುಲಪ್ಪ ಮೊಣಕಾಲಿನವರೆಗೆ, ತೊಡೆಯವರೆಗೆ ಎಂದು ಬರೆಯುತ್ತ ಬಂದ. ಸೊಂಟದವರೆಗೆ ಎಂದು ಬರೆದ ವಾರವೇ ಅನಾಹುತವಾಯಿತು. ಬೆಳೆ ಮುಗಿದ ಮೇಲೆ ಹಿಪ್ಪುನೇರಳೆಯನ್ನು ಬುಡಕ್ಕೆ ಸವರುವುದು ರೇಷ್ಮೆಯವರ ಪದ್ಧತಿ. ಗಂಗುಲಪ್ಪ ತೋಟವನ್ನೆಲ್ಲ ಸವರುತ್ತ, ಮಗುವಿಗೆ ಏನು ಹೆಸರಿಡಬಹುದೆಂದು ಯೋಚಿಸುತ್ತ, ಅದೇ ಕುಡುಗೋಲಿನಲ್ಲಿ ಅಂಗಳಕ್ಕೆ ಬಂದು ಕವಳೆಯನ್ನೂ ಸವರಿದ.

"ಯಾ ಅಲ್ಲಾ!" ಎಂದು ಕಿರುಚಿದರು ಹುಸೇನ್ ಸಾಬರು.

ಗಂಗುಲಪ್ಪ ಕೈಯಲ್ಲಿದ್ದ ಕುಡುಗೋಲು ನೋಡಿದ. ನೆಲ ನೋಡಿದ. ಒಂದು ಗೇಣು ಮೋಟು ಉಳಿದಿತ್ತು.

"ಚಿಗುರು ದ... ದಪ್ಪ ಬರ್ಲಿ ಅಂತ," ಎಂದ. ನಿಂತಲ್ಲೇ ಕೂತುಬಿಟ್ಟ. ಹೋಳೂರಿಗೆ ಎರಡು ತಿಂಗಳು ಕಾರ್ಡು ಹೋಗಲಿಲ್ಲ. ದೀಪಾವಳಿಯ ಹಿಂದಿನ ದಿನ ಶರೀಫುನ್ನೀಸಾ ಪಾತ್ರೆ ತೊಳೆದ ನೀರು ಚೆಲ್ಲಲು ಹೋಗಿ, ಪಾತ್ರೆ ಅಲ್ಲೇ ಬಿಟ್ಟು ಕೂಗಿದರು: "ಅರೇ ಬನ್ನಿ! ಕಣ್ಣು ಬಿಟ್ಟದೆ!" ಮೋಟಿನ ಸುತ್ತ ಕೆಂಪಗೆ ಎಂಟು ಚಿಗುರು. ಗುಟ್ಟದಲ್ಲಿ ನೂರು ಬೇಸಿಗೆ ಕಂಡ ಬೇರು ಅದು, ಒಂದು ಕುಡುಗೋಲಿಗೆ ಹೆದರುತ್ತದೆಯೇ? ಸಾಬರು ಎಣ್ಣೆಡಬ್ಬಿ ಕತ್ತರಿಸಿ ಸುತ್ತಲೂ ಮೇಕೆಗೆ ನಿಲುಕದ ಹಾಗೆ ತಗಡು ನಿಲ್ಲಿಸಿದರು. ಹಕ್ಕಿಗಳ ನೀರಿಗೆಂದು ಒಂದು ತಟ್ಟೆಯನ್ನೂ ಬಡಿದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಜೀಪೊಂದು ಬಂತು. ಗಿಡ ಹಂಚುವ ಇಲಾಖೆ. ಯಾವುದೆಂದು ಬಿಡಿಸಿ ಹೇಳುವುದು ಬೇಡ. ನೀಲಗಿರಿ ಸಸಿ ಇಳಿಸಿದ ಆಫೀಸರಿಗೆ ಚನ್ನರಾಯಪ್ಪ ಎಳನೀರು ಕುಡಿಸಿ, ಊರಿನ ಹೆಮ್ಮೆಯೆಂದು ಕವಳೆಯ ಮುಂದೆ ನಿಲ್ಲಿಸಿದರು.

"ಹಕ್ಕಿಗಳಿಗಾಗಿಯೇ? ಸ್ವಂತ ಖುಷಿಯಿಂದ?" ಆಫೀಸರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥ ರೈತರನ್ನ ನೋಡಿಲ್ಲರೀ. ಒಂದು ಹಣ್ಣನ್ನೂ ನೀವು ತಿನ್ನೋದಿಲ್ಲವೇ?"

"ಒಂದೆರಡು..." ಎಂದ ಗಂಗುಲಪ್ಪ.

"ಒಂದೂ ಇಲ್ಲ ಸಾರ್!" ಎಂದರು ಹುಸೇನ್ ಸಾಬರು, ಅವನ ಬೆನ್ನು ತಟ್ಟಿ. "ಬಾಯಿಗೆ ಹಾಕಲ್ಲ ನಮ್ಮ ಗಂಗುಲಪ್ಪ!"

ವಾರ ಕಳೆಯುವುದರಲ್ಲಿ ಹಸಿರು ಬೋರ್ಡು ಬಂತು. ಪಕ್ಷಿಗಳಿಗೆ ಮೀಸಲು. ಹಣ್ಣು ಕೀಳುವುದನ್ನು ನಿಷೇಧಿಸಲಾಗಿದೆ. ಅದನ್ನು ನೆಡುವ ಗುಂಡಿಯನ್ನು ಗಂಗುಲಪ್ಪನ ಕೈಯಿಂದಲೇ ತೋಡಿಸಿದರು.

ಫಾಲ್ಗುಣದಲ್ಲಿ ಕವಳೆ ಹೂ ಬಿಟ್ಟಿತು. ಬಿಳಿ ಚುಕ್ಕೆ ಚುಕ್ಕೆ ಹೂವು, ಸಂಜೆಯಾದರೆ ಎರಡು ಮನೆಗೂ ಮಲ್ಲಿಗೆ ಮುಡಿದಂಥ ವಾಸನೆ. ಹೂ ಉದುರಿ ಹಸಿರು ಕಾಯಿ ಕಟ್ಟಿತು. ಶರೀಫುನ್ನೀಸಾ ಕವಳೆಕಾಯಿ ಉಪ್ಪಿನಕಾಯಿಗೆ ಜೀವ ಬಿಡುವವರು. ಗಿಡದ ಮುಂದೆ ನಿಂತು ಬಾಯಲ್ಲಿ ಬಂದ ನೀರು ನುಂಗಿ, ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಕಾಯಿ ಕೆಂಪಾಯಿತು, ಕಪ್ಪಾಯಿತು. ಗಂಗುಲಪ್ಪ ಕಾರ್ಡು ಬರೆದ: "ಹಣ್ಣಾಗಿದೆ. ಸೋಮವಾರ ಬನ್ನಿ."

ಬರೆದ ಮೇಲೆ ಹಕ್ಕಿಗಳಿಗೂ ಸುದ್ದಿ ಹೋಯಿತು. ಬೆಳಿಗ್ಗೆ ಪಿಕಳಾರ, ಬಿಸಿಲೇರಿದರೆ ಗೊರವಂಕ, ಮಧ್ಯಾಹ್ನ ಯಾರ ಅಪ್ಪಣೆಯನ್ನೂ ಕೇಳದೆ ಅಳಿಲು. ಗಂಗುಲಪ್ಪ ಗುರುವಾರ ಸೂರ್ಯ ಹುಟ್ಟುವಾಗಲೇ ದೊನ್ನೆ ಹಿಡಿದು ಬಂದ. ಕೈ ಇನ್ನೂ ಗಿಡಕ್ಕೆ ತಾಗಿರಲಿಲ್ಲ.

"ಅರೇ ಗಂಗುಲಪ್ಪಾ! ಮರ್ತ್ಬಿಟ್ಯಾ? ಹಕ್ಕೀದು!" ಎದುರು ಬಾಗಿಲಲ್ಲಿ ಶರೀಫುನ್ನೀಸಾ, ಕೈಯಲ್ಲಿ ಪೊರಕೆ.

"ಎಣಿಸ್ತಾ ಇದ್ದೆ, ಭಾಬಿ."

ಶುಕ್ರವಾರ ಹುಸೇನ್ ಸಾಬರು ಎಣಿಸಲು ತಾವೂ ಜೊತೆಗೆ ನಿಂತರು. ನೂರಾ ಹತ್ತು. ಶನಿವಾರ ನಲವತ್ತು. "ಸುಭಾನಲ್ಲಾ, ಏನ್ ತಿಂತವೆ ನೋಡು!" ಎಂದು ಸಾಬರು ಸಂತೋಷಪಟ್ಟರು. ಗಂಗುಲಪ್ಪ ಅಳುವ ಮುಖದಲ್ಲಿ ನಕ್ಕ. ಭಾನುವಾರ ಅವನು ಎಣಿಸಲಿಲ್ಲ.

ಸೋಮವಾರ ಹನ್ನೊಂದಕ್ಕೆ ಚನ್ನರಾಯಪ್ಪನವರ ಗಾಡಿ ಅಂಗಳಕ್ಕೆ ಬಂತು. ಗೌನಿಪಲ್ಲಿಯಲ್ಲಿ ಬಸ್ಸಿಳಿದವರನ್ನು ಅವರೇ ಹತ್ತಿಸಿಕೊಂಡಿದ್ದರು. ಮೊದಲು ಆಂಜಿನಮ್ಮ ಇಳಿದಳು. ಆಮೇಲೆ ಶ್ಯಾಮಲಮ್ಮ, ಕಂಕುಳಲ್ಲಿ ಹದಿನಾಲ್ಕು ತಿಂಗಳ ಮಗು. ಶ್ಯಾಮಲಮ್ಮ ಗಂಡನನ್ನು ನೋಡಲಿಲ್ಲ. ನೇರ ಗಿಡದ ಹತ್ತಿರ ಹೋಗಿ, ಅದರ ಎತ್ತರಕ್ಕೆ ತನ್ನನ್ನು ಅಳೆದುಕೊಂಡಳು. ಭುಜದವರೆಗೆ ಬಂತು. ಆಮೇಲೆ ಬೋರ್ಡು ಓದಿದಳು. ಆಂಜಿನಮ್ಮನಿಗೂ ಕೇಳುವಂತೆ ಇನ್ನೊಮ್ಮೆ ಓದಿದಳು.

"ಬೋರ್ಡಪ್ಪಾ," ಎಂದಳು ಆಂಜಿನಮ್ಮ, ಸೊಂಟದ ಮೇಲೆ ಕೈಯಿಟ್ಟು, "ನನ್ನ ಮಗಳು ಹಕ್ಕಿನಾ?"

ಗಂಗುಲಪ್ಪ ಗಿಡಕ್ಕೆ ಕೈ ಚಾಚಿದ.

"ಬೇಡ!" ಎಂದರು ಶರೀಫುನ್ನೀಸಾ.

"ಗೌರ್ಮೆಂಟು ಬೋರ್ಡು ಕಣೋ, ಜೀಪ್ ಬರ್ತದೆ!" ಎಂದರು ಚನ್ನರಾಯಪ್ಪ.

"ಗಂಗುಲಪ್ಪಾ, ಒಂದು ವರ್ಷ ಕಾಪಾಡ್ದೆ, ಈಗ ಮನಸು ಸಡಿಲ ಮಾಡ್ಬೇಡ," ಎಂದು ಹುಸೇನ್ ಸಾಬರು ಪ್ರೀತಿಯಿಂದ ಅವನ ತೋಳು ಹಿಡಿದರು.

ಶ್ಯಾಮಲಮ್ಮ ಈಗ ಅವನನ್ನು ನೋಡಿದಳು. ನಗುತ್ತಿರಲಿಲ್ಲ.

"ಹಕ್ಕಿಗಳಿಗಲ್ಲ," ಎಂದ ಗಂಗುಲಪ್ಪ.

"ಏನು?"

"ಹಕ್ಕಿಗಳಿಗಲ್ಲ ಸಾಬ್ರೇ! ಬೇಲೀನೂ ಅಲ್ಲ, ಹಕ್ಕಿಗೂ ಅಲ್ಲ. ಇವಳಿಗೆ. ಶ್ಯಾಮಲಂಗೆ! ಬಸುರೀಲಿ ಕೇಳಿದ್ಲು, ಬೆಳೆದು ಕೊಡ್ತೀನಿ ಅಂದೆ. ಹೇಳಕ್ಕೆ ನಾಚಿಕೆ ಆಯ್ತು. ಮೊದಲ್ನೇ ಕಡ್ಡಿ ಚುಚ್ಚಿದ ದಿನದಿಂದ ಇವಳಿಗೇ!"

ಅಷ್ಟು ಜೋರಾಗಿ ಹೆಂಡತಿಯ ಹೆಸರನ್ನು ಗುಟ್ಟಕಿಂದಪಲ್ಲಿಯ ಯಾವ ಗಂಡಸೂ ಹೇಳಿರಲಿಲ್ಲ. ಚನ್ನರಾಯಪ್ಪ ಎತ್ತುಗಳ ಕಡೆ ತಿರುಗಿ ನಿಂತರು. ಶ್ಯಾಮಲಮ್ಮನ ಮುಖ ಸೆರಗಿನೊಳಗೆ ಹೋಯಿತು. ಕಿವಿ ಮಾತ್ರ ಹೊರಗೆ ಕೆಂಪಗೆ ಉಳಿಯಿತು.

ಶರೀಫುನ್ನೀಸಾ ಪೊರಕೆ ಎತ್ತಿದರು. "ಒಂದು ಮಾತು ಹೇಳ್ಬಾರ್ದಾ, ಗೂಬೆ! ಬಸುರಿ ಬಯಕೆ ನನಗೆ ಗೊತ್ತಾಗಲ್ವಾ? ನೀನು ಬಂದಾಗೆಲ್ಲ ಪೊರಕೆ ತಗೊಂಡು ಓಡಿಸಿದ್ನಲ್ಲೋ! ಒಂದು ಕಾಯಿ ಉಪ್ಪಿನಕಾಯಿಗೆ ಕೀಳ್ಲಿಲ್ವಲ್ಲೋ ನಾನು!"

ಹುಸೇನ್ ಸಾಬರು ಗಂಗುಲಪ್ಪನ ತೋಳು ಬಿಟ್ಟರು. "ಬೇಲಿ ಅಲ್ಲ ಅಂದಿದ್ದು ನಿಜ ತಾನೆ?" ಎಂದು ಕೇಳಿದರು.

"ಅದು ನಿಜ ಸಾಬ್ರೇ."

"ಹಂಗಾದ್ರೆ ಏನು ನಿಂತಿದೀರಾ ಎಲ್ಲಾ? ಹುಡುಕ್ರಿ ಹಣ್ಣು!"

ಸಾಬರು ಸುತ್ತಲಿನ ತಗಡು ಕಿತ್ತು ಪಕ್ಕಕ್ಕಿಟ್ಟರು, ಎಲ್ಲರೂ ಗಿಡದ ಸುತ್ತ ಬಗ್ಗಿದರು. ಮೇಲೆ ಇಲ್ಲ, ಪಕ್ಕದಲ್ಲಿ ಇಲ್ಲ. ಇದ್ದ ತೊಟ್ಟುಗಳೆಲ್ಲ ಖಾಲಿ. ಹಕ್ಕಿಗಳು ಸರ್ಕಾರದ ಮಾತನ್ನು ಚಾಚೂ ತಪ್ಪದೆ ನಡೆಸಿದ್ದವು. ಮಗು ಮಾತ್ರ ನೆಲದ ಮೇಲೆ ಕೂತು, ಗಿಡದ ಬುಡಕ್ಕೆ ಬೆರಳು ತೋರಿಸಿ ಕೇಕೆ ಹಾಕಿತು. ಮುಳ್ಳಿನ ಗೂಡಿನೊಳಗೆ, ನೆಲಕ್ಕೆ ತಾಗುವಂತೆ ಬಾಗಿದ ಒಂದು ಕೊಂಬೆಯಲ್ಲಿ, ಮೂರು ಹಣ್ಣು ಕಪ್ಪಗೆ ಹೊಳೆಯುತ್ತಿದ್ದವು.

ಸಾಬರು ಓಡಿ ಹೋಗಿ ತಗಡಿನ ಕೆಲಸದ ಉದ್ದನೆಯ ಇಕ್ಕಳ ತಂದರು.

"ಇಕ್ಕಳಪ್ಪಾ," ಎಂದಳು ಆಂಜಿನಮ್ಮ, "ಕೈಯಾರೆ ಅಂದಿದ್ರು."

ಗಂಗುಲಪ್ಪ ಅಂಗಿ ಬಿಚ್ಚಲೂ ನಿಲ್ಲಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ತೂರಿದ. ಮೊದಲು ತಲೆ ಹೋಯಿತು, ಆಮೇಲೆ ಅಂಗಿಯ ಬೆನ್ನು ಪರ್ರನೆ ಹರಿಯಿತು, ಕೊನೆಗೆ ಎರಡು ಅಂಗಾಲು ಮಾತ್ರ ಹೊರಗೆ ಉಳಿದವು. ಒಳಗಿನಿಂದ ಕೆಲವು ತೆಲುಗು ಮಾತು ಕೇಳಿಸಿದವು.

ಆ ಹೊತ್ತಿಗೆ ಚನ್ನರಾಯಪ್ಪ ಗಾಡಿಯ ಹತ್ತಿರದಿಂದ ಕೂಗಿದರು: "ಅಮ್ಮಾ, ಮಗಳ ಟ್ರಂಕು, ತೊಟ್ಟಿಲು ಇಳಿಸ್ಲಾ ಈಗ್ಲೇ?"

ಎಲ್ಲರೂ ಆಂಜಿನಮ್ಮನ ಕಡೆ ತಿರುಗಿದರು. ಹಣ್ಣು ಸಿಗಲಿ ಬಿಡಲಿ, ಮಗಳನ್ನು ಬಿಟ್ಟುಹೋಗಲೆಂದೇ ಬಂದಿದ್ದಳು.

"ಎತ್ತಪ್ಪಾ, ಚೇರ್ಮನ್ರಿಗೆ ಬಾಯಿ ಮುಚ್ಕೊಳ್ಳಕ್ಕೆ ಹೇಳು," ಎಂದಳು ಆಂಜಿನಮ್ಮ, ಗಾಡಿಯ ಎತ್ತಿನ ಕಡೆ ತಿರುಗಿ. "ಒಳಗಿರೋರಿಗೆ ಕೇಳಿಸ್ತದೆ."

ಒಳಗಿದ್ದವನಿಗೆ ಕೇಳಿಸಲಿಲ್ಲ. ಅವನು ಹಿಂದಕ್ಕೆ ತೆವಳುತ್ತ ಹೊರಬಂದ. ಕೂದಲಲ್ಲಿ ಎಲೆ, ಕೆನ್ನೆಯ ಮೇಲೆ ಗೀರು, ಮೊಣಕೈಯಲ್ಲಿ ರಕ್ತ. ಮುಷ್ಟಿ ಬಿಗಿಯಾಗಿತ್ತು. ಎದ್ದು ನಿಂತು ಶ್ಯಾಮಲಮ್ಮನ ಎದುರಿಗೆ ಬಂದು ಬಿಚ್ಚಿದ. ಮೂರು ಹಣ್ಣು.

ಅವಳು ಕೈ ಚಾಚಿದಳು. ಅವನು ಒಂದನ್ನು ಅವಳ ಅಂಗೈಯ ನಡುವೆ ಇಟ್ಟ.

ಶ್ಯಾಮಲಮ್ಮ ಬಾಯಿಗೆ ಹಾಕಿಕೊಂಡಳು. ಅವಳ ಒಂದು ಕಣ್ಣು ಮುಚ್ಚಿತು. ಹಲ್ಲು ಚುಳ್ಳೆಂದು, ಹೆಗಲು ಕಿವಿಯವರೆಗೆ ಏರಿತು. ಕಣ್ಣಲ್ಲಿ ನೀರು ಬಂತು.

"ಹೆಂಗೈತೆ?" ಎಂದ ಗಂಗುಲಪ್ಪ.

ಅವಳು ಬೀಜ ಉಗಿದಳು. ಅಂಟು ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಮತ್ತೆ ಕೈ ಚಾಚಿದಳು.

"ಇನ್ನೊಂದು ಕೊಡಿ."

ಗಂಗುಲಪ್ಪ ಕೊಟ್ಟ.